ಎರಡು ಕಣ್ಣಿನ ಯಂತ್ರ

"ಒಂದ ಡಬ್ಬಿ ಅವ್ವಾ. ಒಂದ ಒಂದು ಡಬ್ಬಿ ತರ್ತೀನಿ, ಮುಗೀತು," ಅಂದಳು ಲಹರಿ. ಶಾಮಲಾಬಾಯಿ ನಂಬಿಬಿಟ್ಟಳು.

ನಂಬದೆ ಏನು ಮಾಡ್ಯಾಳು ಹೇಳ್ರಿ? ಹೈದರಾಬಾದಿನ ಗಚ್ಚಿಬೌಲಿಯ ಕಂಪನಿಯಲ್ಲಿ ದುಡಿಯುವ ಮಗಳು. ಸೀರೆ ಬೇಡ, ಬಂಗಾರ ಬೇಡ, ಸಿನಿಮಾಕ್ಕೂ ಹೋಗುವವಳಲ್ಲ. ಸಣ್ಣವಳಿದ್ದಾಗಿಂದ ಇದ್ದದ್ದು ಒಂದೇ ಹುಚ್ಚು, ಕಂಪ್ಯೂಟರ್ ಆಟದ್ದು. ಅಂಥವಳು ಬಾಯಿ ಬಿಟ್ಟು ಒಂದು ಡಬ್ಬಿ ಕೇಳಿದರೆ ಬೇಡ ಅನ್ನಲು ಯಾವ ತಾಯಿಗೆ ನಾಲಿಗೆ ಏಳುತ್ತದೆ? ಆ ಡಬ್ಬಿಯಲ್ಲಿರುವುದು ಮುಖಕ್ಕೆ ಕಟ್ಟಿಕೊಳ್ಳುವ ದೊಡ್ಡ ಕನ್ನಡಕವಂತೆ. ಕಟ್ಟಿಕೊಂಡರೆ ಲಿಂಗಂಪಲ್ಲಿಯ ಈ ಎರಡು ಕೋಣೆಯ ಫ್ಲ್ಯಾಟು, ಕಿಟಕಿಯಾಚೆಯ ಲೋಕಲ್ ರೈಲಿನ ಗಲಾಟೆ, ಎಲ್ಲ ಮಾಯವಾಗಿ ಸುತ್ತಲೂ ಬೇರೆ ಲೋಕ ಬಂದು ನಿಲ್ಲುತ್ತದಂತೆ. ಅದಕ್ಕೆ ವಿ.ಆರ್. ಅನ್ನುತ್ತಾರಂತೆ.

"ಲೋಕ ಬರ್ತದೋ ಇಲ್ಲೋ, ಬಿಲ್ಲಂತೂ ಬರ್ತದ," ಅಂದರು ರಾಮದಾಸರು. ಶಾಮಲಾಬಾಯಿಯ ಗಂಡ. ಗದಗಿನ ಕಡೆಯವರು, ಚಿಕ್ಕ ವಯಸ್ಸಿಗೇ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದು ಹೈದರಾಬಾದಿಗೆ ಬಂದು, ಲೇಥ್ ಮಶೀನಿನ ಮುಂದೆಯೇ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ಮಾತು ಒರಟು, ಆದರೆ ಮಗಳ ಎದುರು ಆ ಒರಟು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಅವರೂ ಹೂಂ ಅಂದರು.

ಶಾಮಲಾಬಾಯಿ ಮಾತ್ರ ಕನ್ನಡಕ ಅನ್ನುವ ಮಾತು ಕೇಳಿದ ಕೂಡಲೇ ತನ್ನ ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡಿದ್ದಳು. ಅವಳ ಎಡಗಣ್ಣಿಗೆ ಪೊರೆ ಬಂದು ಎರಡು ವರ್ಷ ಆಗಿತ್ತು. ಮೊದಮೊದಲು ಒಲೆಯ ಹೊಗೆ ಸುಳಿದಂತೆ ಇತ್ತು. ಆಮೇಲೆ ಹಾಲು ಕದಡಿದಂತೆ ಆಯಿತು. ಈಗ ಆ ಕಣ್ಣಿಗೆ ಬೆಳಕು ಯಾವುದು, ಕತ್ತಲೆ ಯಾವುದು ಅನ್ನುವುದಷ್ಟೇ ಗೊತ್ತಾಗುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮುಚ್ಚಿಡುವುದರಲ್ಲಿ ಭಾರೀ ಜಾಣೆ ಆಗಿದ್ದಳು. ಚಹಾ ಸುರಿಯುವಾಗ ಪಾತ್ರೆಯ ಮೂತಿಯನ್ನು ಕಪ್ಪಿನ ಅಂಚಿಗೆ ತಾಗಿಸಿಯೇ ಬಗ್ಗಿಸುವುದು, ಇಲ್ಲದಿದ್ದರೆ ಚಹಾ ನೆಲಕ್ಕೆ. ರಸ್ತೆ ದಾಟುವಾಗ ಯಾರಾದರೂ ಎಡಗಡೆಗೆ ಇರುವಂತೆ ನೋಡಿಕೊಳ್ಳುವುದು. ಸೂಜಿಗೆ ದಾರ ಪೋಣಿಸುವ ಕೆಲಸ ಬಂದರೆ "ಲಹರಿ, ಕೈ ಎಣ್ಣಿ ಆಗೇತಿ, ನೀ ಹಾಕಿಕೊಡು" ಅನ್ನುವುದು. ಬೆಳಕಿಗೆ ಕಪ್ಪು ತಿರುಗುವ ಕನ್ನಡಕ ಬೇರೆ ಇತ್ತು, ಅದರ ಹಿಂದೆ ಪೊರೆ ಯಾರಿಗೂ ಕಾಣುತ್ತಿರಲಿಲ್ಲ. ಇನ್ನು ಗಂಡ ಪತ್ತೆಹಚ್ಚುತ್ತಾನೆ ಅನ್ನುವ ಭಯ ಬೇಡವೇ ಬೇಡ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಮಶೀನಿನಲ್ಲಿ ಹಿಡಿಯುತ್ತಿದ್ದ ಆ ಪುಣ್ಯಾತ್ಮ, ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿ ಯಾವ ಕಾಲವಾಗಿತ್ತೋ.

ದುಡ್ಡಿನ ಚಿಂತೆಯಿಂದ ಮುಚ್ಚಿಟ್ಟದ್ದಲ್ಲ. ರಾಮದಾಸರ ಪಿಂಚಣಿದಾರರ ಆರೋಗ್ಯ ಕಾರ್ಡು ತೋರಿಸಿದರೆ ದವಾಖಾನೆಯ ಖರ್ಚೆಲ್ಲ ಸರ್ಕಾರದ್ದೇ. ಅವಳಿಗಿದ್ದದ್ದು ಹೆದರಿಕೆ. ಅವಳು ಹುಡುಗಿಯಾಗಿದ್ದಾಗ ಅವಳ ತಾಯಿಗೂ ಪೊರೆ ಬಂದಿತ್ತು. ಊರ ಶಾಲೆಯ ಕೋಣೆಯೊಂದರಲ್ಲಿ ಯಾರೋ ಕ್ಯಾಂಪ್ ಹಾಕಿ, ಬೆಂಚಿನ ಮೇಲೆ ಮಲಗಿಸಿ ಕಣ್ಣು ಕೊಯ್ದು ಕಳಿಸಿದ್ದರು. ಪಟ್ಟಿ ಬಿಚ್ಚಿದಾಗ ಕೀವು. ಆ ಕಣ್ಣು ಹೋಯಿತು, ಇನ್ನೊಂದನ್ನು ತೋರಿಸಲು ತಾಯಿ ಒಪ್ಪಲಿಲ್ಲ, ಅದೂ ಹೋಯಿತು. ಸಾಯುವ ತನಕ ಗೋಡೆ ಹಿಡಿದು ಓಡಾಡಿದಳು. ಬಚ್ಚಲಿಗೆ, ಹಿತ್ತಲಿಗೆ ಕೈಹಿಡಿದು ಕರೆದೊಯ್ಯುತ್ತಿದ್ದವಳು ಶಾಮಲಾಬಾಯಿಯೇ. ಆಗಲೇ ಅವಳು ಮನಸ್ಸಿನಲ್ಲಿ ಆಣೆ ಮಾಡಿಕೊಂಡಿದ್ದಳು, ಪ್ರಾಣ ಹೋದರೂ ಕಣ್ಣಿಗೆ ಕತ್ತರಿ ಮುಟ್ಟಿಸಿಕೊಳ್ಳುವುದಿಲ್ಲ ಎಂದು. ಆದರೆ ಈಚೆಗೆ ಬೆಳಗ್ಗೆ ಎದ್ದ ಕೂಡಲೇ ಬಲಗಣ್ಣಿಗೂ ತೆಳ್ಳಗೆ ಹೊಗೆ ಸುಳಿಯುತ್ತಿತ್ತು. ಅದೂ ಹೋದರೆ ಏನು ಗತಿ ಅನ್ನುವ ಯೋಚನೆ ಬಂದಾಗಲೆಲ್ಲ ಅವಳು ಎದ್ದು ಪಾತ್ರೆ ತಿಕ್ಕಲು ಹೋಗುತ್ತಿದ್ದಳು.

ಡಬ್ಬಿ ಬಂತು. ಲಹರಿ ತೆರೆದು ನೋಡಿ, ಕಂಪ್ಯೂಟರಿಗೆ ಜೋಡಿಸಿ, ತಲೆಯ ಮೇಲೆ ಕೈ ಹೊತ್ತು ಕೂತಳು.

"ನಮ್ಮ ಕಂಪ್ಯೂಟರ್ ಇದನ್ನ ಎಳೆಯಂಗಿಲ್ಲಪಾ. ಚಿತ್ರ ಮೂಡಸೋ ಕಾರ್ಡು ಬ್ಯಾರೆ ಹಾಕಬೇಕು."

"ಹಾಕು. ಒಂದು ಕಾರ್ಡಲ್ಲ?" ಅಂದರು ರಾಮದಾಸರು.

ಶನಿವಾರ ತಂದೆ-ಮಗಳು ಸಿಕಂದರಾಬಾದಿನ ಕಂಪ್ಯೂಟರ್ ಬಜಾರಿಗೆ ಹೋದರು. ಅದು ಅದೇನೋ ಕಂಪ್ಯೂಟರಿನೊಳಗಷ್ಟೇ ಇರುವ, ಕಣ್ಣಿಗೆ ಕಾಣದ ನಾಣ್ಯದ ಹುಚ್ಚು ಹಿಡಿದಿದ್ದ ವರ್ಷ. ಇಂಥ ಕಾರ್ಡುಗಳಿಂದಲೇ ಆ ನಾಣ್ಯ ಹುಟ್ಟಿಸುವ ಮಂದಿಯೆಲ್ಲ ಅಂಗಡಿಯ ಕಾರ್ಡುಗಳನ್ನು ಸಂತೆಯ ಉಳ್ಳಾಗಡ್ಡಿಯಂತೆ ಚೀಲ ಚೀಲ ಹೊತ್ತುಕೊಂಡು ಹೋಗುತ್ತಿದ್ದರು, ಉಳಿದದ್ದಕ್ಕೆ ಅಂಗಡಿಯವನು ಹೇಳಿದ್ದೇ ರೇಟು. ಲಹರಿ ಇದ್ದುದರಲ್ಲಿ ಸಣ್ಣದೊಂದನ್ನು ತಂದಳು. ತಂದು ಹಾಕಿದರೆ ಕಾರ್ಡಿಗೆ ಕರೆಂಟು ಸಾಲದು. ಕರೆಂಟಿನ ಪೆಟ್ಟಿಗೆ ದೊಡ್ಡದು ತಂದರೆ ಅದು ಕಂಪ್ಯೂಟರಿನ ಹಳೆಯ ಡಬ್ಬದೊಳಗೆ ಹಿಡಿಸದು. ಡಬ್ಬ ಹೊಸದು ತಂದರೆ ಒಳಗೆ ಕಾವು ಹೆಚ್ಚು, ಫ್ಯಾನು ಸಾಲದು. ಪ್ರತಿ ಶನಿವಾರ ಒಂದು ಸಾಮಾನು, ಪ್ರತಿ ಭಾನುವಾರ ಇನ್ನೊಂದರ ಕೊರತೆ. ಮಗಳ ಬೋನಸ್ಸು ಮುಗಿಯಿತು, ಕೂಡಿಟ್ಟದ್ದಕ್ಕೂ ಕೈ ಹೋಯಿತು.

"ಬಾಸಿಂಗ ಒಂದ ತರ್ತೀನಿ ಅಂದಿ. ಈಗ ನೋಡು, ಪೂರಾ ಮದುವಿ ಮಾಡಾಕತ್ತೀವಿ!" ಎಂದು ರಾಮದಾಸರು ನಕ್ಕರು. ಲಹರಿಗೂ ನಗು ಬಂತು, ಆದರೆ ಆ ನಗುವಿನಲ್ಲಿ ಜೀವ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಜಾಗದ ಕತೆ ಶುರುವಾಯಿತು. ಇದು ಕೂತು ಆಡುವ ಆಟವಲ್ಲವಂತೆ. ಎದ್ದು ನಿಂತು, ಕೈ ಚಾಚಿ, ಸುತ್ತ ತಿರುಗಬೇಕು. ಲಿಂಗಂಪಲ್ಲಿಯ ಫ್ಲ್ಯಾಟಿನ ಪಡಸಾಲೆಯಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು? ದಿವಾನ ಬೆಡ್‌ರೂಮಿಗೆ ಹೋಯಿತು. ಊಟದ ಟೇಬಲ್ಲು ಬಾಲ್ಕನಿಗೆ ಹೋಯಿತು, ಅಂದಿನಿಂದ ಮೂವರೂ ಅಡುಗೆಮನೆಯ ನೆಲದ ಮೇಲೆ ಉಣ್ಣತೊಡಗಿದರು. ಎದುರುಬದುರು ಮೂಲೆಗಳಲ್ಲಿ, ಬಾಗಿಲ ಎತ್ತರಕ್ಕಿಂತ ಮೇಲೆ, ಮುಷ್ಟಿಯಷ್ಟು ದೊಡ್ಡ ಎರಡು ಕರಿ ಪೆಟ್ಟಿಗೆ ಕೂತವು.

"ಇವು ಯಂತ್ರದ ಎರಡು ಕಣ್ಣು ಅಂತ ತಿಳ್ಕೋ ಅವ್ವಾ. ನಮಗ ಕಾಣದ ಬೆಳಕು ಬಿಡ್ತಾವು. ತಲಿ ಎಲ್ಲೈತಿ, ಕೈ ಎಲ್ಲೈತಿ ಅಂತ ಎರಡೂ ಕೂಡೇ ಅಳೀತಾವು. ಒಂದು ಇಲ್ಲಂದ್ರ ಕೆಲಸ ಕೆಟ್ಟಂಗ."

"ಒಂದು ಸಾಕಾಗೂದಿಲ್ಲ?" ಎಂದು ಶಾಮಲಾಬಾಯಿ ಕೇಳಿದಳು. ಅವಳಿಗೆ ಅದು ತಿಳಿಯಬೇಕಾಗಿತ್ತು.

"ಸಾಕಾಗೂದಿಲ್ಲ," ಅಂದಳು ಮಗಳು.

ಆ ಕಣ್ಣುಗಳ ಬೆಳಕು ಗಾಜಿಗೆ ತಾಗಿ ವಾಪಸು ಬಂದರೆ ಗೊಂದಲವಂತೆ. ಹಾಗಾಗಿ ರಾಮದಾಸರ ಕಾರ್ಖಾನೆಯ ಬಹುಮಾನದ ಶೀಲ್ಡುಗಳಿದ್ದ ಗಾಜಿನ ಶೋಕೇಸಿಗೆ ಪರದೆ ಹಾಕಬೇಕಾಯಿತು. ಬಟ್ಟೆ ತರಲು ಶಾಮಲಾಬಾಯಿ ಪಕ್ಕದ ಫ್ಲ್ಯಾಟಿನ ಅಂಬುಬಾಯಿಯನ್ನು ಕಟ್ಟಿಕೊಂಡು ಸುಲ್ತಾನ್ ಬಜಾರಿಗೆ ಹೋದಳು. ಅಂಬುಬಾಯಿ ಅಂದರೆ ಬೀದರಿನ ಕಡೆಯ ಮರಾಠಿ ಬಾಯಿ, ಬಸ್ಸು ಹತ್ತಿದಲ್ಲಿಂದ ಇಳಿಯುವ ತನಕ ಮಾತು ನಿಲ್ಲಿಸದವಳು. ಬಜಾರಿನ ಗದ್ದಲದಲ್ಲಿ ಎಡಗಡೆಗಿದ್ದ ಅವಳು ಒಂದು ಕ್ಷಣ ಬಳೆ ಅಂಗಡಿಯತ್ತ ಸರಿದದ್ದೇ ತಡ, ಎಡಗಡೆಯಿಂದ ಬಂದ ಸ್ಕೂಟರು ಶಾಮಲಾಬಾಯಿಯ ಸೆರಗನ್ನು ಸವರಿಕೊಂಡು ಹೋಯಿತು. "ಕ್ಯಾ ಅಮ್ಮಾ, ದಿಖತಾ ನೈ ಕ್ಯಾ!" ಕಣ್ಣು ಕಾಣುವುದಿಲ್ಲವೇ ಎಂದು ಹುಡುಗ ಹಿಂದಿಯಲ್ಲಿ ಕೂಗಿಹೋದ. ಅವಳು ಸೆರಗು ಸರಿಮಾಡಿಕೊಂಡು ಪರದೆಯ ಬಟ್ಟೆ ಚೌಕಾಸಿ ಮಾಡಿದಳು. ಮನೆಯಲ್ಲಿ ಹೇಳಲಿಲ್ಲ.

ಕಡೆಗೂ ಒಂದು ಭಾನುವಾರ ಬೆಳಗ್ಗೆ ಎಲ್ಲ ಕೂಡಿಬಂತು. ಮೊದಲು ರಾಮದಾಸರಿಗೆ ಕಟ್ಟಿದರು. ಬೆಟ್ಟದ ನೆತ್ತಿ, ನಸುಕಿನ ಹೊತ್ತು, ಮಿಣುಕುಹುಳ ಹಾರಾಡುತ್ತವೆ, ಹಿಡಿದರೆ ಕೈಯಲ್ಲಿ ಮಿನುಗುತ್ತವೆ, ನಿಧಾನಕ್ಕೆ ಸೂರ್ಯ ಹುಟ್ಟುತ್ತಾನೆ, ಇಷ್ಟೇ ಆಟ. ಆದರೆ ಆ ಮನುಷ್ಯನ ಅವಸ್ಥೆ ನೋಡಬೇಕಿತ್ತು! ಕಾರ್ಖಾನೆಯಲ್ಲಿ ಗುಡುಗುತ್ತಿದ್ದವರು "ತಡಿ, ತಡಿ, ತಡಿ" ಅನ್ನುತ್ತ ಬರಿಯ ಟೈಲ್ಸಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಕೆಳಗ ಕೊಳ್ಳ ಐತಲ್ಲೇ ಲಹರಿ, ಬಿದ್ದೆ ನೋಡು!" ಮುಖದಿಂದ ಅದನ್ನು ತೆಗೆದಾಗ ಅವರ ಕಣ್ಣು ಒದ್ದೆಯಾಗಿದ್ದವು. "ಇಷ್ಟು ವರ್ಷ ಯಂತ್ರದ ಜೋಡಿ ಬಾಳೇವಿ ಮಾಡೀನಿ. ಇಂಥಾದ್ದು ನೋಡಿರಲಿಲ್ಲ," ಅಂದರು. ಮಗಳ ಬೆನ್ನು ತಟ್ಟಿದರು.

ಆಮೇಲೆ ಕಟ್ಟಿಕೊಂಡ ಅಂಬುಬಾಯಿ ಅಂತೂ ಇಡೀ ಅಪಾರ್ಟ್‌ಮೆಂಟಿಗೆ ಕೇಳುವಂತೆ ಕಿರಿಚಿದಳು. "ಅಗಬಾಯೀ! ಮೂಗಿಗೇ ಬಂತಲ್ಲೇ ಶಾಮಲಾ! ಹುಳ ಮೂಗಿನ ತುದೀಗೆ ಬಂದು ಕುಂತದ!" ಎಂದು ಥಟ್ಟನೆ ಕೈ ಚಾಚಿ ಹಿಡಿದೂ ಬಿಟ್ಟಳು.

"ಈಗ ನೀ ಅವ್ವಾ."

"ಒಲಿ ಮ್ಯಾಲ ಹಾಲಿಟ್ಟೀನವ್ವಾ," ಎಂದು ಶಾಮಲಾಬಾಯಿ ಅಡುಗೆಮನೆ ಸೇರಿದಳು. ಮರುದಿನ ತಲೆನೋವು, ಅದರ ಮರುದಿನ ಏಕಾದಶಿ. ಏಕಾದಶಿಗೂ ವಿ.ಆರ್.ಗೂ ಏನು ಸಂಬಂಧ ಎಂದು ಲಹರಿ ಕೇಳಿದಳು.

ಎರಡು ವಾರ ಕಳೆದು ಮಹಾನವಮಿ ಬಂತು, ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ರಾಮದಾಸರ ಕಾರ್ಖಾನೆಯಲ್ಲಿ ಆ ದಿನ ಲೇಥ್, ಡ್ರಿಲ್ಲು, ಕ್ರೇನು, ಕಡೆಗೆ ಸ್ಕ್ರೂಡ್ರೈವರಿಗೂ ಕುಂಕುಮ ಬೀಳುತ್ತಿತ್ತು. ಪೂಜೆ ಕಾಣದ ಮಶೀನನ್ನು ಮಾರನೇ ದಿನ ಯಾವನೂ ಮುಟ್ಟುತ್ತಿರಲಿಲ್ಲ. ಅಂಥ ಮನೆಗೆ ಬಂದ ಇಷ್ಟು ದೊಡ್ಡ ಯಂತ್ರಕ್ಕೆ ಪೂಜೆ ಇಲ್ಲ ಅಂದರೆ ಹೇಗೆ? ಲಹರಿ ಎಷ್ಟು ಬೇಡಿಕೊಂಡರೂ ತಂದೆ ಕೇಳಲಿಲ್ಲ. ಕಡೆಗೆ ಆಫೀಸಿಗೆ ಹೊರಟವಳು ಬಾಗಿಲಲ್ಲಿ ನಿಂತು ತಾಯಿಗೆ ಹೇಳಿದಳು, "ಆ ಮೂಲಿ ಪೆಟ್ಟಿಗಿ ಕರಿ ಮಾರಿಗೆ ಮಾತ್ರ ಏನೂ ಹಚ್ಚಬ್ಯಾಡ ಅವ್ವಾ. ಹಚ್ಚೂದ ಇದ್ರ ಅಂಚಿಗೆ ಒಂದು ಬೊಟ್ಟಿಡು, ಸಾಕು."

ಶಾಮಲಾಬಾಯಿ ಸ್ಟೂಲು ಹತ್ತಿ, ತುಪ್ಪದಲ್ಲಿ ಕಲಸಿದ ಕುಂಕುಮವನ್ನು ಬಲಗೈ ಬೆರಳಿಗೆ ತೆಗೆದುಕೊಂಡು, ಅಂಚನ್ನೇ ನೋಡಿ ಬೊಟ್ಟಿಟ್ಟಳು. ಎರಡಕ್ಕೂ ಇಟ್ಟಳು. ಚೆಂಡು ಹೂವಿನ ಮಾಲೆ ಇಳಿಬಿಟ್ಟಳು. ಆರತಿ ಆಯಿತು, ಕಾಯಿ ಒಡೆದದ್ದಾಯಿತು. ತಾನು ಅಂಚಿಗೇ ಇಟ್ಟೆ ಅನ್ನುವುದರಲ್ಲಿ ಅವಳಿಗೆ ಒಂದಿಷ್ಟೂ ಅನುಮಾನ ಇರಲಿಲ್ಲ.

ಮಾರನೇ ದಿನದಿಂದ ಯಂತ್ರಕ್ಕೆ ದೆವ್ವ ಹೊಕ್ಕಿತು. ಲಹರಿ ಮೊದಲು ಮಾಲೆ ಕಿತ್ತು ಎಸೆದಳು, ಆದರೂ ಸರಿಹೋಗಲಿಲ್ಲ. ಅಡುಗೆಮನೆಯ ಕಡೆ ತಿರುಗಿದರೆ ಸಾಕು, ಆಟದೊಳಗಿನ ಕೈ ತೇಲಿ ಅಟ್ಟಕ್ಕೆ ಹೋಗುತ್ತಿತ್ತು, ಬೆಟ್ಟ ತೊಟ್ಟಿಲಿನಂತೆ ತೂಗುತ್ತಿತ್ತು. ರಾಮದಾಸರು ಒಮ್ಮೆ ನೋಡಿ ವಾಂತಿ ಮಾಡಿಕೊಂಡರು. "ಕಾರ್ಡಿಂದ ದೋಷ," ಅಂದಳು ಲಹರಿ. "ಸಣ್ಣದು ತಂದು ತಪ್ಪು ಮಾಡಿದೆ." ಹಳೆಯದನ್ನು ಅರ್ಧ ರೇಟಿಗೆ ಮಾರಿದಳು. ದೊಡ್ಡ ಕಾರ್ಡು ತರಲು ದುಡ್ಡು ಇರಲಿಲ್ಲ, ತನ್ನ ಸ್ಕೂಟಿ ಮಾರಿದಳು. ಗಚ್ಚಿಬೌಲಿಯ ಟ್ರಾಫಿಕ್ಕಿನಲ್ಲಿ ಶೇರ್ ಆಟೋಗಳಲ್ಲಿ ನೇತಾಡುತ್ತ ಹೋಗಿ ಬರತೊಡಗಿದಳು. ದೊಡ್ಡ ಕಾರ್ಡೂ ಬಂತು. ದೆವ್ವ ಹೋಗಲಿಲ್ಲ. ಒಂದು ಸಂಜೆ ಲಹರಿ ಖಾಲಿ ಪಡಸಾಲೆಯ ನಡುವೆ ಕೂತು ಸಣ್ಣ ಹುಡುಗಿಯಂತೆ ಅತ್ತಳು. ಶಾಮಲಾಬಾಯಿ ಬೆಚ್ಚಗೆ ಅನ್ನ ಕಲಸಿ ತುತ್ತು ಮಾಡಿ ಉಣ್ಣಿಸಿದಳು, ಅಷ್ಟು ಬಿಟ್ಟು ಅವಳಿಂದ ಏನಾದೀತು?

ದೀಪಾವಳಿಯ ಧೂಳು ಹೊಡೆಯುವ ಕೆಲಸ ಬಂತು. ಭಾನುವಾರ ಬೆಳಗ್ಗೆ ರಾಮದಾಸರೇ ಸ್ಟೂಲು ಹತ್ತಿದ್ದರು. ಅಡುಗೆಮನೆಯ ಬದಿಯ ಮೂಲೆಯ ಪೆಟ್ಟಿಗೆಯ ಹತ್ತಿರ ಮುಖ ಒಯ್ದವರು ಹಾಗೇ ನಿಂತುಬಿಟ್ಟರು.

"ಲಹರಿ! ಇಲ್ಲಿ ಬಾರೇ!"

ಕರಿ ಗಾಜಿನ ಮುಖದ ಸರಿಯಾಗಿ ನಡುವೆ, ಒಣಗಿ ಗಟ್ಟಿಯಾದ ಕುಂಕುಮದ ಬೊಟ್ಟು ಇತ್ತು. ಬೊಟ್ಟಲ್ಲ ಅದು, ತುಪ್ಪ ಇಳಿದು ಹರಡಿ, ಇಡೀ ಮುಖಕ್ಕೆ ಮೆತ್ತಿಕೊಂಡಿತ್ತು. ಕೆಳಗೆ ನಿಂತವರಿಗೆ ಆ ಕರಿಯ ಮೇಲೆ ಕಾಣುವಂತಿರಲಿಲ್ಲ. ರಾಮದಾಸರು ಬಟ್ಟೆ ಒದ್ದೆ ಮಾಡಿ ಒರೆಸಿದರು. ಲಹರಿ ಓಡಿ ಹೋಗಿ ಕಟ್ಟಿಕೊಂಡು ನೋಡಿದಳು. ತಿರುಗಿದಳು, ಬಗ್ಗಿದಳು, ಕೈ ಬೀಸಿದಳು. ಎಲ್ಲ ಸರಿ ಇತ್ತು. ಎಲ್ಲವೂ!

"ಅಷ್ಟ ಇತ್ತೇನು?" ಅಂದಳು ಲಹರಿ. ಅವಳ ದನಿ ಸಣ್ಣಗಾಯಿತು. "ಒಂದು ಕಣ್ಣಿಗೆ ಕಾಣತಿರಲಿಲ್ಲ, ಅಷ್ಟ. ಅಷ್ಟಕ್ಕ ನಾ ಗಾಡಿ ಮಾರಿದೆ."

ಶಾಮಲಾಬಾಯಿ ಕಸಬರಿಗೆ ಹಿಡಿದು ನಿಂತಿದ್ದಳು. "ನಾ ಅಂಚಿಗೆ ಇಟ್ಟೀನಿ. ದೇವರಾಣಿ ಅಂಚಿಗೇ ಇಟ್ಟೀನಿ."

"ಅಂಚಿಗೆ ಇಟ್ಟಿಯಂತ!" ರಾಮದಾಸರು ಸಿಡುಕಿದರು. "ನಟ್ಟನಡುವ ಬಡದೀಯಲ್ಲ! ನಿನಗೇನು ಕಣ್ಣು ಕಾಣಂಗಿಲ್ಲೇನು?"

ಯಾವ ಗಂಡ ಯಾವ ಹೆಂಡತಿಗೆ ಈ ಮಾತು ಅಂದಿಲ್ಲ? ಚಹಾಕ್ಕೆ ಉಪ್ಪು ಬಿದ್ದರೂ ಅನ್ನುತ್ತಾರೆ, ಹೊಸ್ತಿಲು ಎಡವಿದರೂ ಅನ್ನುತ್ತಾರೆ. ಶಾಮಲಾಬಾಯಿಗೆ ಮಾತ್ರ ಅದು ನೆಟ್ಟಗೆ ಬಂದು ತಾಗಿತು. ಮಗಳ ಗಾಡಿ ಹೋದದ್ದು ತನ್ನ ಕಣ್ಣಿನಿಂದ. ಹೇಳಿಬಿಡಲೇ ಅಂದುಕೊಂಡಳು. ತಾಯಿಯ ಪಟ್ಟಿ ಬಿಚ್ಚಿದ ದಿನ ಕಣ್ಣ ಮುಂದೆ ಬಂತು, ಆ ವಾಸನೆ ಸಹಿತ. ಬಗ್ಗಿ ಕಸ ಗುಡಿಸತೊಡಗಿದಳು.

ತಾಯಿಯ ಮುಖ ಬಾಡಿದ್ದು ನೋಡಿ ಲಹರಿಗೇ ಕೆಡುಕೆನಿಸಿತು. "ಹೋಗ್ಲಿ ಬಿಡು ಅವ್ವಾ. ಸರಿ ಆತಲ್ಲ. ಇವತ್ತು ಮಾತ್ರ ನೀ ತಪ್ಪಿಸಿಕೊಳ್ಳಂಗಿಲ್ಲ. ಮಧ್ಯಾಹ್ನ ಊಟಾದ ಮ್ಯಾಲ ನೀನ ಮೊದಲು," ಅಂದಳು. ಇಷ್ಟು ಮಾಡಿದ ಮೇಲೆ ಆ ಹುಡುಗಿಯ ಮಾತು ತೆಗೆದುಹಾಕಲು ಶಾಮಲಾಬಾಯಿಗೆ ಮನಸ್ಸು ಬರಲಿಲ್ಲ.

ಊಟವಾಯಿತು. ಅಂಬುಬಾಯಿಯೂ ಎಲೆಯಡಿಕೆ ಹಾಕಿಕೊಂಡು ತಮಾಷೆ ನೋಡಲು ಬಂದಳು. ಲಹರಿ ತಾಯಿಯನ್ನು ಪಡಸಾಲೆಯ ನಡುವೆ ನಿಲ್ಲಿಸಿ, ಅವಳ ಕನ್ನಡಕಕ್ಕೆ ಕೈ ಹಾಕಿದಳು. ಶಾಮಲಾಬಾಯಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಹೆದರತೀಯೇನು?"

"ಹೂಂ," ಅಂದಳು. ಅದು ಸುಳ್ಳಾಗಿರಲಿಲ್ಲ.

ಮುಖಕ್ಕೆ ಭಾರವಾದದ್ದೊಂದು ಬಂದು ಕೂತಿತು, ತಲೆಯ ಹಿಂದೆ ಪಟ್ಟಿ ಬಿಗಿಯಿತು, ಎರಡು ಕೈಗೂ ಎರಡು ಹಿಡಿಕೆ ಬಂದವು. ಕಣ್ಣು ತೆರೆದಳು.

ಪಡಸಾಲೆ ಇರಲಿಲ್ಲ. ಮನೆ ಇರಲಿಲ್ಲ. ಲಿಂಗಂಪಲ್ಲಿಯೇ ಇರಲಿಲ್ಲ! ಕಾಲ ಕೆಳಗೆ ಬಂಡೆ, ಬಂಡೆಯಾಚೆ ಎಲ್ಲಿ ಮುಗಿಯುತ್ತದೆಯೋ ಗೊತ್ತಿಲ್ಲದ ಕಣಿವೆ, ಅದರಾಚೆ ಬೆಟ್ಟ, ಬೆಟ್ಟದ ಹಿಂದೆ ಇನ್ನೊಂದು ಬೆಟ್ಟ. ತಲೆ ಎತ್ತಿದಳು. ಆಕಾಶ ತುಂಬ ಚಿಕ್ಕೆ. ಹಿಂದಕ್ಕೆ ತಿರುಗಿದಳು, ಅಲ್ಲಿಯೂ ಆಕಾಶ ಇತ್ತು, ಯಾರೂ ಎಲ್ಲಿಯೂ ಕೊನೆ ಹಾಕಿರಲಿಲ್ಲ. "ಯವ್ವಾ, ಯವ್ವಾ, ಎಷ್ಟು ದೊಡ್ಡದೈತೇ ಇದು!" ಎಂದು ಅವಳಿಗೆ ಗೊತ್ತಿಲ್ಲದೆಯೇ ಬಾಯಿಗೆ ಬಂತು. ಎರಡು ವರ್ಷದಿಂದ ಅವಳು ಕಪ್ಪಿನ ಅಂಚು, ಮೆಟ್ಟಿಲ ಅಂಚು, ರಸ್ತೆಯ ಅಂಚು ಇಷ್ಟನ್ನೇ ನೋಡುತ್ತ ಬದುಕಿದ್ದಳು. ಇಷ್ಟು ದೂರಕ್ಕೆ ಕಣ್ಣು ಹಾಯಿಸಿದ್ದೇ ಇಲ್ಲ. ಎದೆ ಹಿಗ್ಗಿ ಹಿಗ್ಗಿ ನೋವಾಗುವಷ್ಟು ಖುಷಿಯಾಯಿತು. ಇದನ್ನು ಮನುಷ್ಯರು ಮಾಡಿದ್ದಾರೆ! ತನ್ನ ಮಗಳು ತಿಂಗಳುಗಟ್ಟಲೆ ಬಜಾರು ಅಲೆದು, ಮನೆಯ ಸಾಮಾನೆಲ್ಲ ಬದಿಗೆ ಸರಿಸಿ, ಇದನ್ನು ಒಳಗೆ ಕರೆತಂದಿದ್ದಾಳೆ!

"ಹುಳ ಹಿಡಿ ಅವ್ವಾ," ಲಹರಿಯ ದನಿ ಎಲ್ಲಿಂದಲೋ ಬಂತು. "ನಿನ್ನ ಮುಂದನ ಐತಿ."

ಮಿಣುಕುಹುಳ ಇತ್ತು. ಶಾಮಲಾಬಾಯಿ ಕೈ ಚಾಚಿದಳು. ಸಿಗಲಿಲ್ಲ.

"ಇನ್ನೊಂದಿಷ್ಟು ಮುಂದ... ಹಾಂ... ಅಯ್ಯ, ದಾಟಿ ಹೋದಿ. ಹಿಂದ ಬಾ. ಅಷ್ಟಲ್ಲ."

ಮತ್ತೆ ಚಾಚಿದಳು, ಮತ್ತೆ ತಪ್ಪಿತು. ಹತ್ತಿರ ಇದೆಯೋ ದೂರ ಇದೆಯೋ ಅವಳಿಗೆ ತಿಳಿಯುತ್ತಲೇ ಇರಲಿಲ್ಲ. "ಅಗಬಾಯಿ, ನನಗ ಥಟ್ಟನೆ ಸಿಕ್ಕಿತ್ತಲ್ಲ. ಮೂಗಿನ ಹತ್ರಾನೇ ಬರ್ತದ ಅದು," ಅಂದಳು ಅಂಬುಬಾಯಿ. ಮೂಗಿನ ಹತ್ತಿರ ಬರುವುದು ಅಂದರೇನು? ಶಾಮಲಾಬಾಯಿಗೆ ಎಲ್ಲವೂ ಗೋಡೆಯ ಕ್ಯಾಲೆಂಡರಿನ ಚಿತ್ರದಂತೆ ಅಲ್ಲೇ ಇತ್ತು. ಅತಿ ದೊಡ್ಡ ಚಿತ್ರ, ಅತಿ ಚೆಂದದ ಚಿತ್ರ. ಆದರೆ ಅಂಬುಬಾಯಿ ಕಿರಿಚಿದ್ದು ಚಿತ್ರ ನೋಡಿ ಅಲ್ಲ. ತನ್ನ ಗಂಡ ಕುಕ್ಕರಿಸಿದ್ದು ಚಿತ್ರ ನೋಡಿ ಅಲ್ಲ. ಅವರಿಗೆ ಕಂಡದ್ದು ತನಗೆ ಇನ್ನೂ ಕಂಡಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಇನ್ನೂ ಸರಿ ಇಲ್ಲ ಇದು," ಅಂದಳು ಲಹರಿ. ದನಿಯಲ್ಲಿ ಮತ್ತೆ ಆ ಸಂಜೆಯ ಅಳು ಇಣುಕುತ್ತಿತ್ತು. "ಅಪ್ಪಾ, ಪೆಟ್ಟಿಗೀನ ಕೆಟ್ಟಾವೇನೋ. ಅವನ್ನೂ ಹೊಸವು ತರಬೇಕು."

"ತರೂಣಂತ. ಪಿಂಚಣಿ ಬರ್ಲಿ," ಅಂದರು ರಾಮದಾಸರು.

ಶಾಮಲಾಬಾಯಿ ಆ ಮುಖವಾಡದೊಳಗೆ ಒಬ್ಬಳೇ ನಿಂತಿದ್ದಳು. ಅವಳ ಕಣ್ಣನ್ನು ಅಲ್ಲಿ ಯಾರೂ ನೋಡುವಂತಿರಲಿಲ್ಲ. ಮೆಲ್ಲಗೆ ಬಲಗಣ್ಣು ಮುಚ್ಚಿದಳು. ಕಣಿವೆ ಹೋಯಿತು, ಚಿಕ್ಕೆ ಹೋದವು, ಬರೀ ಬೂದು. ತೆರೆದಳು. ಮತ್ತೆ ಲೋಕ ಬಂತು. ಅಷ್ಟರಲ್ಲಿ ಬೆಟ್ಟದ ಹಿಂದೆ ಆಕಾಶ ಕೆಂಪಾಗಿ, ಕೆಂಪು ಬಂಗಾರವಾಗಿ, ಸೂರ್ಯನ ಮೊದಲ ಅಂಚು ಮೇಲೆ ಬಂತು. ಕಣಿವೆಯ ಮಂಜೆಲ್ಲ ಒಮ್ಮೆಲೇ ಹೊತ್ತಿಕೊಂಡಂತೆ ಬೆಳಗಿತು. ಅವಳು ಇನ್ನೊಮ್ಮೆ ಬಲಗಣ್ಣು ಮುಚ್ಚಿದಳು. ಆ ಬೂದು ಬಣ್ಣದೊಳಗೆ, ಸೂರ್ಯ ಇರಬೇಕಾದ ಜಾಗದಲ್ಲಿ, ಕಾಯಿಸಿದ ಹಾಲಿನ ಬಣ್ಣದ ಬೆಳಕು ತುಂಬುತ್ತಿತ್ತು. ಎಡಗಣ್ಣು ಸತ್ತಿರಲಿಲ್ಲ. ಅದೂ ಪಾಪ, ಆ ಸೂರ್ಯನನ್ನು ನೋಡಲು ತನ್ನಿಂದಾದಷ್ಟು ಹೆಣಗುತ್ತಿತ್ತು. ಶಾಮಲಾಬಾಯಿಗೆ ಅಳು ತಡೆಯಲಾಗಲಿಲ್ಲ.

"ಹೊಸವು ತರಬ್ಯಾಡ," ಅಂದಳು. "ಯಂತ್ರ ಸರಿ ಐತಿ."

"ಇಲ್ಲವ್ವಾ, ಹುಳಾನ ಸಿಗವಲ್ದು ನಿನಗ..."

"ಯಂತ್ರ ಸರಿ ಐತಿ ಲಹರಿ. ನನ್ನ ಎಡಗಣ್ಣು ಕಾಣಂಗಿಲ್ಲ." ಎದುರಿಗೆ ಯಾರ ಮುಖವೂ ಇರಲಿಲ್ಲ, ಬೆಳಗಾಗುತ್ತಿದ್ದ ಬೆಟ್ಟ ಮಾತ್ರ. ಅದಕ್ಕೇ ಹೇಳಲು ಬಂತು. "ಎರಡು ವರ್ಷ ಆತು. ಪೊರಿ ಬಂದೈತಿ. ಕುಂಕುಮ ನಾನ ನಡುವ ಇಟ್ಟೀನಿ, ನನಗ ಅಂಚು ಕಂಡಿದ್ದು ಸುಳ್ಳು. ನಿಮ್ಮಪ್ಪ ಮುಂಜಾನೆ ಕೇಳಿದ್ರಲ್ಲ, ಹೌದು, ಕಾಣಂಗಿಲ್ಲ. ಈಗೀಗ ಬಲಗಣ್ಣೂ ಮಸಕಾಗಾಕತ್ತೈತಿ."

ಹೊರಗೆ ಲೋಕಲ್ ರೈಲೊಂದು ಬಂದು ನಿಂತ ಸದ್ದಾಯಿತು. ಆಮೇಲೆ ಯಾರದೋ ಒರಟು ಅಂಗೈ ಬಂದು ಅವಳ ಮೊಣಕೈ ಹಿಡಿಯಿತು.

"ನನಗ ಯಾಕ ಹೇಳಲಿಲ್ಲ?" ಅಂದರು ರಾಮದಾಸರು. "ಎದುರಿಗೇ ಇದ್ನಲ್ಲ ನಾ. ದಿನಾ ಎದುರಿಗೇ ಇದ್ದೆ."

"ನಮ್ಮವ್ವಗ ಆದಂಗ ಆದ್ರ ಅಂತ ಹೆದರಿದೆ. ಈಗೂ ಹೆದರಾಕತ್ತೀನಿ. ಕೈ ಬಿಡಬ್ಯಾಡ್ರಿ."

"ತಗೀತೀನಿ ಅವ್ವಾ ಇದನ್ನ," ಎಂದು ಲಹರಿ ಅಳುತ್ತಲೇ ತಲೆಯ ಹಿಂದಿನ ಪಟ್ಟಿಗೆ ಕೈ ಹಾಕಿದಳು. "ಕೂಡು, ನೀರು ಕುಡಿ. ನಾ ಏನ ಮಾಡಿದೆ, ಎಲ್ಲಾ ರೊಕ್ಕ ಇದಕ್ಕ ಸುರದೆ, ನಿನ್ನ ಕಣ್ಣ ನೋಡಲಿಲ್ಲ..."

ಶಾಮಲಾಬಾಯಿ ಆ ಕೈಯನ್ನು ಅಲ್ಲೇ ಹಿಡಿದು ನಿಲ್ಲಿಸಿದಳು.

"ತಗೀಬ್ಯಾಡ. ಇನ್ನೂ ಸೂರ್ಯ ಪೂರ್ತಿ ಬಂದಿಲ್ಲ, ನೋಡ್ತೀನಿ," ಅಂದಳು. ಅವಳ ಮುಖ ಬೆಟ್ಟದ ಕಡೆಗೇ ಇತ್ತು. "ನಾಳೆ ದವಾಖಾನಿಗೆ ಹೋಗೂಣು. ನನಗ ಇದನ್ನ ಎರಡೂ ಕಣ್ಣಿಂದ ನೋಡಬೇಕಾಗೇತಿ."